ಕೂಸಿನ ಕಾಲು ತಣ್ಣಗಿತ್ತು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ ಕಟ್ಟಿದವರು ನಮ್ಮ ಎರಡು ಮನೆಗಳನ್ನು ನೋಡಿದವರಲ್ಲ. ನಮ್ಮಲ್ಲಿ ಜಗಳವೇ ಇರಲಿಲ್ಲ. ನನ್ನ ತವರಿನವರೂ ಗಂಡನ ಮನೆಯವರೂ ಒಬ್ಬರ ಮೇಲೊಬ್ಬರು ದನಿ ಎತ್ತಿದ್ದನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ನನ್ನ ಕೂಸು ಬಡವಾದದ್ದು ಮರ್ಯಾದೆಯಲ್ಲಿ.

ಹೋದ ತಿಂಗಳು ಇಲ್ಲಿ ಚನ್ನಗಿರಿಯಲ್ಲಿ ಪಕ್ಕದ ಮನೆಯವರು ತಮ್ಮ ಮೊಮ್ಮಗನನ್ನು ಆಸ್ಪತ್ರೆಯಿಂದ ಕರೆತಂದರು. ಎದೆಯಿಂದ ಕೆಳಗಿಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಸಣ್ಣದಾಗಿತ್ತಂತೆ. ತೊಡೆಯ ಸಂದಿಯಿಂದ ನಳಿಕೆ ಹಾಯಿಸಿ ಅಗಲ ಮಾಡಿದರಂತೆ. ಗಾಯ ಅಂತ ಇದ್ದದ್ದು ಒಂದು ಸಣ್ಣ ಪಟ್ಟಿ, ಅಷ್ಟೇ. ಆ ಕೂಸಿನ ಅಜ್ಜಿ ಮನೆಮನೆಗೆ ಪೇಡೆ ಹಂಚಿದಳು. ಈಗೆಲ್ಲಾ ಸಲೀಸು ಐತ್ರಿ, ನಮ್ಮ ಕಾಲದಾಗೆ ಇವೆಲ್ಲಾ ಎಲ್ಲಿದ್ವು ಎಂದಳು. ನಾನು ಕೂಸಿನ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ನಮ್ಮ ಕಾಲದಲ್ಲೂ ಇತ್ತು ಕಣವ್ವ ಎಂಬ ಮಾತು ತುಟಿಗೆ ಬಂದಿತ್ತು, ಪೇಡೆ ಬಾಯಿಗೆ ಹಾಕಿಕೊಂಡೆ. ಸಂತೋಷದಲ್ಲಿರುವವರ ಮನೆಯಲ್ಲಿ ನಮ್ಮ ಹಳೇ ಸಂಕಟ ಬಿಚ್ಚಬಾರದು. ಅಲ್ಲಿ ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು ಅವು. ನನ್ನ ತವರು ಜಗಳೂರು. ಅಪ್ಪ ಹತ್ತಿರದ ಬಿಳಿಚೋಡಿನಲ್ಲಿ ಶಾಲೆಯ ಹೆಡ್‌ಮೇಷ್ಟ್ರು. ನನ್ನನ್ನು ಕೊಟ್ಟದ್ದು ನ್ಯಾಮತಿಗೆ, ಹಿಟ್ಟಿನ ಗಿರಣಿ ಇದ್ದ ಮನೆಗೆ. ಗಿರಣಿಯನ್ನೂ ಮನೆಯನ್ನೂ ನಡೆಸುತ್ತಿದ್ದವರು ನನ್ನ ಗಂಡನ ಅಣ್ಣ, ನಮ್ಮ ಭಾವ. ನನ್ನ ಗಂಡ ಬೆಲ್ಟು, ಕಲ್ಲು, ಎಣ್ಣೆ ನೋಡಿಕೊಂಡು ಮೈತುಂಬ ಹಿಟ್ಟು ಮಾಡಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ. ನಡೆಯಬೇಕೆಂದು ಅವರಿಗೂ ಅನ್ನಿಸಿದ ಹಾಗೆ ಕಾಣಲಿಲ್ಲ.

ಚೊಚ್ಚಲ ಹೆರಿಗೆ ತವರಿನದು. ಐದು ತಿಂಗಳು ತುಂಬುವವರೆಗೆ ಬಾಣಂತಿಯ ಊಟ, ನೀರು, ಕಷಾಯ ಎಲ್ಲಾ ತವರಿನವರ ಹೊಣೆ. ಆದರೆ ಕೂಸು ಹುಟ್ಟಿದ ಗಳಿಗೆಯಿಂದ ಗಂಡನ ಮನೆಯದು. ತೊಟ್ಟಿಲಿಗೆ ಹಾಕಲು ಅವರನ್ನು ಕೇಳಬೇಕು, ಕಿವಿ ಚುಚ್ಚಿಸಲು ಅವರನ್ನು ಕೇಳಬೇಕು. ನೋಡಲು ಬಂದ ಹೆಂಗಸರಿಗೆಲ್ಲಾ ನಮ್ಮವ್ವ ಒಂದೇ ಮಾತು ಹೇಳುತ್ತಿದ್ದಳು. "ಬೀಗರ ಕೂಸು, ಐದು ತಿಂಗಳಿಗೆ ಬೀಗರಿಗೆ ಒಪ್ಪಿಸಿದ್ರೆ ನಮ್ಮ ಜವಾಬ್ದಾರಿ ಮುಗೀತು." ಅದನ್ನು ಹೇಳುವಾಗ ಅವಳಿಗೆ ಒಂಥರಾ ಹೆಮ್ಮೆ. ಕೂಸು ಕಾಯಿಲೆ ಬಿದ್ದರೆ ಯಾರ ಹೊಣೆ ಎಂಬುದನ್ನು ಮಾತ್ರ ಯಾವ ಹಿರಿಯರೂ ಹೇಳಿಟ್ಟು ಹೋಗಿರಲಿಲ್ಲ.

ಕೂಸಿನ ಕಾಲು ತಣ್ಣಗಿದೆ ಎಂದು ಮೊದಲು ಹೇಳಿದವಳು ನಾನು. ಹಂಡೆಯ ನೀರಿನಲ್ಲಿ ಎರೆದು, ಲೋಬಾನದ ಹೊಗೆ ಕೊಟ್ಟು, ಬಟ್ಟೆ ಸುತ್ತಿ ನನ್ನ ಪಕ್ಕ ಮಲಗಿಸುತ್ತಿದ್ದರು. ಮುಖ ಕೆಂಪಗೆ, ಅಂಗೈ ಬೆಚ್ಚಗೆ. ಬಟ್ಟೆಯೊಳಗೆ ಕೈ ಹಾಕಿ ಪಾದ ಹಿಡಿದರೆ ಬಾವಿಕಟ್ಟೆಯ ಕಲ್ಲು ಮುಟ್ಟಿದ ಹಾಗೆ. ಒಂದೇ ಕೂಸಿನ ಮೈಯಲ್ಲಿ ಎರಡು ಋತು. ಹಾಲಿಗೆ ಬಾಯಿ ಹಾಕಿ ನಾಲ್ಕು ಗುಟುಕು ಎಳೆಯುವುದರೊಳಗೆ ಹಣೆಯೆಲ್ಲಾ ಬೆವರುತ್ತಿತ್ತು, ಮೊಲೆ ಬಿಟ್ಟು ಏದುಸಿರು ಬಿಡುತ್ತಿತ್ತು. ಅವ್ವನಿಗೆ ಹೇಳಿದರೆ, ಬಾಣಂತಿ ಕೈ ಬಿಸಿ ಇರುತ್ತದೆ, ಅದಕ್ಕೇ ನಿನಗೆ ಹಾಗೆ ಅನ್ನಿಸುತ್ತದೆ ಎಂದಳು. ಎರೆಯುವ ಮುದುಕಿ ಬಜೆ ತೇಯ್ದು ನೆಕ್ಕಿಸಿದಳು. ಚಿಕ್ಕಮ್ಮ ಕೆಂಪು ಉಲ್ಲನ್ನಿನಲ್ಲಿ ಕಾಲುಚೀಲ ಹೆಣೆದು ತಂದಳು. ಕಾಲುಚೀಲ ಬಹಳ ಚೆಂದ ಇತ್ತು. ಅದರೊಳಗಿನ ಕಾಲು ತಣ್ಣಗೇ ಇತ್ತು.

ಒಂದು ಬೆಳಗ್ಗೆ ಕೂಸು ಹಾಲನ್ನೇ ಒಲ್ಲೆ ಎಂದಿತು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುವ ಹಾಗೆ ಉಸಿರೆಳೆಯುತ್ತಿತ್ತು. ಡಾಕ್ಟರಿಗೆ ತೋರಿಸುವವರೆಗೆ ಉಣ್ಣುವುದಿಲ್ಲ ಎಂದು ನಾನು ಊಟದ ತಟ್ಟೆ ದೂಡಿ ಕೂತೆ. ಊರಿನ ಡಾಕ್ಟರು ನೋಡಿ ದಾವಣಗೆರೆಗೆ ಹೋಗಿ ಎಂದರು. ಅಪ್ಪ, ಅವ್ವ, ನಾನು ಕೂಸನ್ನು ಕಟ್ಟಿಕೊಂಡು ಬಸ್ಸು ಹತ್ತಿದೆವು.

ದಾವಣಗೆರೆಯ ಮಕ್ಕಳ ಡಾಕ್ಟರು ಇನ್ನೂ ಹುಡುಗನಂತಿದ್ದರು. ಕೂಸಿನ ಮೊಣಕೈ ಹತ್ತಿರ ನಾಡಿ ಹಿಡಿದರು. ಆಮೇಲೆ ತೊಡೆಯ ಸಂದಿಯಲ್ಲಿ ಬೆರಳಿಟ್ಟು ಬಹಳ ಹೊತ್ತು ಹುಡುಕಿದರು. ಅಲ್ಲಿ ನಾಡಿಯೇ ಸಿಗಲಿಲ್ಲ. ಹೊಲಕ್ಕೆ ನೀರು ಬಿಡುವ ಪೈಪನ್ನು ನಡುವೆ ಯಾರೋ ಹಿಸುಕಿ ಹಿಡಿದ ಹಾಗೆ ಆಗಿದೆ ಎಂದು ಅಪ್ಪನಿಗೆ ತಿಳಿಸಿ ಹೇಳಿದರು. ಕೆಳಗಿನ ಅರ್ಧ ದೇಹಕ್ಕೆ ರಕ್ತ ಇಳಿಯುತ್ತಿಲ್ಲ, ದೂಡಿ ದೂಡಿ ಹೃದಯ ಸೋಲುತ್ತಿದೆ. ಮೊದಲಾದರೆ ಎದೆ ಕೊಯ್ಯುವುದೊಂದೇ ದಾರಿ ಇತ್ತು. ಈಗ ಬೆಂಗಳೂರಿನಲ್ಲಿ ತೊಡೆಯಿಂದ ದಾರದಂಥ ನಳಿಕೆ ಹಾಯಿಸಿ, ಅದರ ತುದಿಯ ಬಲೂನು ಉಬ್ಬಿಸಿ ಆ ಜಾಗ ಹಿಗ್ಗಿಸುವುದಕ್ಕೆ ಶುರು ಮಾಡಿದ್ದಾರೆ. ಇಷ್ಟು ಸಣ್ಣ ಕೂಸುಗಳಿಗೆ ಅದು ಹೊಸದು, ಭರವಸೆ ಕೊಡುವುದಕ್ಕೆ ಬರುವುದಿಲ್ಲ, ಆದರೆ ದಾರಿ ಎಂದು ಒಂದು ಇದೆ.

"ಮೇಷ್ಟ್ರೇ, ಇಲ್ಲಿಂದ ಹಂಗೇ ಹೊರಡಿ. ಊರಿಗೆ ವಾಪಸ್ ಹೋಗಬೇಡಿ" ಎಂದರು.

ಅಪ್ಪ ಎದ್ದು ನಿಂತು ಕೈ ಮುಗಿದರು. "ಆಗ್ಲಿ ಸಾರ್. ಬೀಗರನ್ನ ಒಂದು ಮಾತು ಕೇಳಿಬಿಡ್ತೀನಿ" ಎಂದರು.

ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ನಮ್ಮ ಕಣ್ಣೆದುರೇ ನಿಂತಿತ್ತು. ಕಂಡಕ್ಟರು ಕೂಗಿ ಕರೆಯುತ್ತಿದ್ದ. ನಾನು ಅತ್ತ ಹೆಜ್ಜೆ ಹಾಕಿದೆ. ಅವ್ವ ರಟ್ಟೆ ಹಿಡಿದಳು. ಹಸಿ ಬಾಣಂತಿ, ಬೀಗರಿಗೆ ಹೇಳದೆ ಅವರ ಕೂಸನ್ನು ಎತ್ತಿಕೊಂಡು ಹೋಗಿ, ನಾಳೆ ಹೆಚ್ಚುಕಡಿಮೆ ಆದರೆ ತವರಿನವರೇ ಕೊಂದರು ಎಂಬ ಮಾತು ಬರುತ್ತದೆ, ನೀನು ಆ ಮನೆಯಲ್ಲಿ ಬಾಳಬೇಕು ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಆ ಮಾತು ಖಂಡಿತ ಬರುತ್ತಿತ್ತು. ಬಂದರೆ ಬರಲಿ ಎನ್ನುವ ಗುಂಡಿಗೆ ಮಾತ್ರ ಯಾರಿಗೂ ಇರಲಿಲ್ಲ. ಜಗಳೂರಿನ ಬಸ್ಸು ಹತ್ತಿದೆವು.

ಈಗ ನ್ಯಾಮತಿಗೆ ಸುದ್ದಿ ಮುಟ್ಟಿಸಬೇಕು. ಗಿರಣಿಯ ಎದುರಿನ ಬಟ್ಟೆ ಅಂಗಡಿಯಲ್ಲಿ ಫೋನು ಇತ್ತು. ಪರರ ಅಂಗಡಿಗೆ ಫೋನು ಮಾಡಿದರೆ ಬೀಗರ ಮನೆಯ ವಿಷಯ ಊರಿಗೆಲ್ಲಾ ಗೊತ್ತಾಗುತ್ತದೆ ಎಂದು ಅಪ್ಪ ಬೇಡವೆಂದರು. ತಂತಿ ಕೊಡಿ ಎಂದೆ. ಅಪ್ಪ ನನ್ನನ್ನು ಮಾತಾಡಬಾರದ್ದು ಆಡಿದವಳ ಹಾಗೆ ನೋಡಿದರು. ನಮ್ಮ ಕಡೆ ತಂತಿ ಬಂತು ಎಂದರೆ ಸಾವು ಎಂದೇ ಲೆಕ್ಕ. ಅಂಚೆಯವ ತಂತಿ ಹಿಡಿದು ಬೀದಿಗೆ ಬಂದರೆ ಒಳಗಿನ ಹೆಂಗಸರು ಓದಿಸುವುದಕ್ಕೂ ಮೊದಲೇ ಅಳಲು ಶುರು ಮಾಡುತ್ತಿದ್ದರು. ಬದುಕಿರುವ ಕೂಸಿನ ಹೆಸರಲ್ಲಿ ತಂತಿ ಕೊಡುವುದು ಅಪಶಕುನ ಎಂದುಬಿಟ್ಟರು. ತಂತಿಯನ್ನು ಕಡಿಮೆ ಮಾತಿನಲ್ಲಿ ಬರೆಯುವುದು ಹೇಗೆಂದು ಹುಡುಗರಿಗೆ ಬೋರ್ಡಿನ ಮೇಲೆ ಕಲಿಸುತ್ತಿದ್ದ ಮನುಷ್ಯ ಅವರು. ಆಹಾ, ಎಂಥಾ ವಿದ್ಯೆ!

ಕೊನೆಗೆ ಚಿಕ್ಕಪ್ಪನನ್ನು ಕಳಿಸಿದರು. ಅವನು ದಾವಣಗೆರೆಗೆ ಹೋಗಿ, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿ ಮುಟ್ಟಿದ. ಅಲ್ಲಿ ನಡೆದದ್ದನ್ನು ಬಂದ ಮೇಲೆ ಅವನೇ ಬಾಯ್ತುಂಬ ಹೇಳಿದ. ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು. ಉಣ್ಣುವ ಮೊದಲು ಕೆಟ್ಟ ಸುದ್ದಿ ಎತ್ತಬಾರದಲ್ಲ, ಎತ್ತಲಿಲ್ಲ. ಉಂಡ ಮೇಲೆ ಎಲೆ ಅಡಿಕೆ ಬಂತು. ಆಮೇಲೆ ಭಾವನವರು ಗಿರಣಿ ಮುಚ್ಚಿ ಬರುವವರೆಗೆ ಕಾದ. ಬಂದ ಮೇಲೆ, ಕೂಸಿಗೆ ಒಂಚೂರು ಹುಷಾರಿಲ್ಲ, ಡಾಕ್ಟರು ಬೆಂಗಳೂರು ಎನ್ನುತ್ತಿದ್ದಾರೆ, ತಾವು ಬಿಡುವು ಮಾಡಿಕೊಂಡು ಬಂದರೆ ಚೆನ್ನಾಗಿತ್ತು ಎಂದ. ಒಂಚೂರು! ನಾಡಿ ಸಿಗದ ಕೂಸಿಗೆ ಒಂಚೂರು ಹುಷಾರಿಲ್ಲ! ಹಾಗೆಂದರೆ ನಮ್ಮತ್ತೆ ತಾನೇ ಏನು ತಿಳಿದಾರು? ಅಮಾವಾಸ್ಯೆ ಮುಂದಿದೆ, ಎಳೇ ಕೂಸನ್ನು ನೋಡಲು ಈಗ ಹೊರಡುವುದು ಸರಿಯಲ್ಲ, ಕಳೆದ ಮೇಲೆ ಎಲ್ಲಾ ಕೂಡಿ ಬರುತ್ತೇವೆ ಎಂದರು. ಬೀಗರ ಕಡೆಯವನನ್ನು ಬಂದ ದಿನವೇ ಕಳಿಸಬಾರದೆಂದು ಉಳಿಸಿಕೊಂಡರು. ಬರುವಾಗ ಒಳ್ಳೆ ಗೋಧಿ ಹಿಟ್ಟಿನ ಗಂಟು ಕಟ್ಟಿಕೊಟ್ಟರು. ಭಾಳ ಮರ್ಯಾದಸ್ತರು ಎಂದು ಚಿಕ್ಕಪ್ಪ ಆ ಗಂಟನ್ನು ನನ್ನ ಕೋಣೆಯ ಬಾಗಿಲಲ್ಲೇ ಇಳಿಸಿದ. ನನಗೆ ಅದನ್ನು ಎತ್ತಿ ಹಂಡೆಯ ಒಲೆಗೆ ಹಾಕಬೇಕೆನ್ನಿಸಿತ್ತು.

ಆ ಅಮಾವಾಸ್ಯೆ ಬರುವವರೆಗೆ ನಾನು ಕೂಸಿನ ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ಮಲಗಿರುತ್ತಿದ್ದೆ. ಡಾಕ್ಟರು ಕೊಟ್ಟಿದ್ದ ಹನಿ ಔಷಧಿ ಹಾಕುತ್ತಿದ್ದೆ. ಹಾಲು ಹಿಂಡಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೆ. ಮಗಳು ಒಂದು ದಿನ ನನ್ನನ್ನೇ ನೋಡಿ ನಕ್ಕಳು. ಎಳೇ ಕೂಸುಗಳು ಸುಮ್ಮನೆ ನಗುತ್ತವೆ, ಅದಕ್ಕೆ ಅರ್ಥ ಇಲ್ಲ ಎನ್ನುತ್ತಾರೆ. ಇರಲಿ, ನನಗೆ ಅರ್ಥ ಇತ್ತು.

ಬೀಗರು ಬಂದರು. ಬಾಡಿಗೆ ಮೆಟಡೋರಿನಲ್ಲಿ, ಬುಟ್ಟಿ ಉಂಡೆ, ಬಾಳೆಹಣ್ಣಿನ ಗೊನೆ, ನನಗೊಂದು ಸೀರೆ ಹಿಡಿದುಕೊಂಡು ಬಂದರು. ಬೀಗರು ಬಂದರೆ ಹೋಳಿಗೆ ಆಗಲೇಬೇಕು. ಒಳಗೆ ನನ್ನ ಕೂಸು ಒಂದೊಂದು ಉಸಿರಿಗೂ ಒದ್ದಾಡುತ್ತಿದೆ, ಅಡುಗೆ ಮನೆಯಲ್ಲಿ ಅವ್ವ, ಚಿಕ್ಕಮ್ಮ ಹೂರಣ ರುಬ್ಬುತ್ತಿದ್ದಾರೆ. ತುಪ್ಪ ಬಡಿಸಿದರು, ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿದರು. ಬೇಡ ಬೇಡ ಎನ್ನುತ್ತಲೇ ಹಾಕಿಸಿಕೊಂಡರು. ಆವತ್ತಿನಿಂದ ನಾನು ಹೋಳಿಗೆ ತಿಂದಿಲ್ಲ. ಯಾಕೆ ಎಂದು ಕೇಳಿದವರಿಗೆ ಸಕ್ಕರೆ ಕಾಯಿಲೆ ಎಂದು ಹೇಳುತ್ತೇನೆ.

ಊಟವಾದ ಮೇಲೆ ಗಂಡಸರು ಪಡಸಾಲೆಯಲ್ಲಿ ಕೂತರು. ನಾನು ಕೋಣೆಯ ಬಾಗಿಲ ಹಿಂದೆ ಕೂಸನ್ನು ಹಿಡಿದು ನಿಂತಿದ್ದೆ. ಅಪ್ಪ ಡಾಕ್ಟರು ಹೇಳಿದ್ದನ್ನು ಹೇಳಿದರು, ಅದನ್ನೂ ಮೆತ್ತಗೆ ಮಾಡಿ ಹೇಳಿದರು. ಭಾವ ತಲೆ ತಗ್ಗಿಸಿ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಬಹಳ ಯೋಚನೆ ಮಾಡಿ, ತೊಡೆಯಲ್ಲಿ ತೂತು ಮಾಡಿದರೆ ಮುಂದೆ ಹೆಣ್ಣುಹುಡುಗಿಗೆ ಮದುವೆಯಲ್ಲಿ ತೊಂದರೆ ಆಗುವುದಿಲ್ಲವೇ, ಕಾಲು ಏನಾದರೂ ಗಿಡ್ಡ ಆದೀತೇ ಎಂದು ಕೇಳಿದರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ನಾಳೆ ಇರುತ್ತದೋ ಇಲ್ಲವೋ ಎಂಬ ಕೂಸಿನ ಮದುವೆಗೆ ಅಡ್ಡಿ ಹುಡುಕುತ್ತಿದ್ದರು.

ಆಮೇಲೆ ಶುರುವಾಯಿತು.

"ಕೂಸು ನಿಮ್ಮನೇದು. ನೀವು ಹೆಂಗೆ ಹೇಳ್ತೀರೋ ಹಂಗೆ. ನಿಮ್ಮಿಷ್ಟ" ಎಂದರು ಅಪ್ಪ.

"ಛೇ ಛೇ, ಬಾಣಂತನ ನಿಮ್ಮನೆಯಾಗೆ ನಡೀತಾ ಐತೆ. ಓದಿದೋರು ನೀವು. ನಾವು ನಡುವೆ ಬಂದು ಹೇಳಾಕೆ ಆಗ್ತೈತಾ? ನಿಮ್ಮಿಷ್ಟ ಮೇಷ್ಟ್ರೇ" ಎಂದರು ಭಾವ.

ಅಪ್ಪ ಮತ್ತೆ ಕೈ ಮುಗಿದು ಅದನ್ನೇ ಹೇಳಿದರು. ಭಾವ ಮತ್ತೆ ಕೈ ಮುಗಿದು ಅದನ್ನೇ ಹೇಳಿದರು. ಹೋಗಲಿ ಎಂದರೆ ಹೋಗಬಹುದು, ಬೇಡ ಎಂದರೆ ಬೇಡ ಎಂದಾದರೂ ಗೊತ್ತಾಗುತ್ತದೆ. ನಿಮ್ಮಿಷ್ಟ ಎಂದರೆ ಎದ್ದು ಹೋಗುವುದಕ್ಕೂ ಇಲ್ಲ, ಜಗಳವಾಡುವುದಕ್ಕೂ ಇಲ್ಲ. ಮಾಡಿ ಕೆಟ್ಟರೆ ಹೇಳಿದವರ ತಲೆಗೆ ಬರುತ್ತದೆ, ಮಾಡದೆ ಕೆಟ್ಟರೆ ದೇವರ ತಲೆಗೆ ಹೋಗುತ್ತದೆ. ಇಷ್ಟನ್ನು ಇಬ್ಬರೂ ಚೆನ್ನಾಗಿ ಬಲ್ಲವರು. ನನ್ನ ಗಂಡ ಕಂಬಕ್ಕೆ ಒರಗಿ ನಿಂತು, ಮಾತಾಡಿದವರ ಮುಖವನ್ನು ಸರದಿಯಲ್ಲಿ ನೋಡುತ್ತಿದ್ದರು. ಹೆತ್ತ ಅಪ್ಪ ಅವರು. ಅವರಿಗೆ ನಿಮ್ಮಿಷ್ಟ ಎಂದು ಯಾರೂ ಹೇಳಲಿಲ್ಲ, ಹೇಳಿ ಎಂದು ಅವರೂ ಕೇಳಲಿಲ್ಲ.

ಬಾಣಂತಿ ಗಂಡಸರು ಕೂತ ಪಡಸಾಲೆಗೆ ಬರಬಾರದು. ನಾನು ತಲೆಗೆ ಕಟ್ಟಿದ ಬಟ್ಟೆಯಲ್ಲೇ ಹೊರಗೆ ಬಂದೆ. ಅವ್ವ ಒಳಗಿನಿಂದ ಹೆಸರು ಹಿಡಿದು ಕೂಗಿದಳು. ನಾನು ಭಾವನವರ ಎದುರು ಕೂತು, ಕೂಸಿನ ಕಾಲುಚೀಲ ಎಳೆದು ತೆಗೆದು, ಎರಡೂ ಪಾದ ಅವರ ಅಂಗೈ ಮೇಲೆ ಇಟ್ಟೆ.

"ಹಿಡಕೊಂಡು ನೋಡ್ರಿ ಭಾವ. ಆಮೇಲೆ ಹೇಳ್ರಿ, ಯಾರಿಷ್ಟ ಅಂತ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ತಣ್ಣಗೈತಲ್ರೀ" ಎಂದರು, ಯಾರಿಗೆಂದು ಗೊತ್ತಿಲ್ಲ. ಆಗಲಾದರೂ ಹೂಂ ಎನ್ನುತ್ತಾರೆ ಎಂದುಕೊಂಡೆ. ಅವರು ಅಪ್ಪನ ಕಡೆ ತಿರುಗಿದರು. ಅಪ್ಪ ನೆಲ ನೋಡಿದರು.

ಅವತ್ತು ನಾನು ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲಾ ಅಂದೆ. ನಿಮ್ಮ ಮರ್ಯಾದೆಗೆ ಬೆಂಕಿ ಬೀಳಲಿ ಎಂದೆ, ಅದು ಚೆನ್ನಾಗಿ ನೆನಪಿದೆ. ಅವ್ವನ ಶಾಲು ಕಿತ್ತುಕೊಂಡು, ಕೂಸಿಗೆ ಸುತ್ತಿ ಮೆಟ್ಟಿಲಿಳಿದೆ. ಹಿಂದೆ ಯಾರೋ ಬರುವ ಸಪ್ಪಳ ಆಯಿತು. ನನ್ನ ಗಂಡ. ಕೈಯಲ್ಲಿ ನನ್ನ ಬಟ್ಟೆಯ ಚೀಲ ಇತ್ತು. ಅವರು ಜೀವಮಾನದಲ್ಲಿ ಅಣ್ಣನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದೇ ಇರಬೇಕು. ಅದಕ್ಕಾಗಿ ನಾನು ಅವರನ್ನು ಅರ್ಧ ಕ್ಷಮಿಸಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ದಾವಣಗೆರೆ ಡಾಕ್ಟರ ಚೀಟಿ ನೋಡಿದ ಕೂಡಲೇ ಒಳಗೆ ಕರೆದರು. ಯಾರೂ ನಮ್ಮನ್ನು ಮನೆತನ ಕೇಳಲಿಲ್ಲ, ಬೀಗರು ಯಾರೆಂದು ಕೇಳಲಿಲ್ಲ. ತಂದೆ ಯಾರು, ಸಹಿ ಮಾಡಿ ಎಂದರು. ಪೆನ್ನು ಹಿಡಿದ ನನ್ನ ಗಂಡ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದರು. ಅಲ್ಲಿ ಅಣ್ಣ ಇರಲಿಲ್ಲ. ಸಹಿ ಮಾಡಿದರು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ನಳಿಕೆ ಹಾಯಿಸುವುದು ಕಷ್ಟವಲ್ಲ, ಆದರೆ ಹೃದಯ ಬಹಳ ದಣಿದಿದೆ, ಅದು ಎಷ್ಟು ಚೇತರಿಸಿಕೊಳ್ಳುತ್ತದೋ ನೋಡಬೇಕು ಎಂದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ಬಾಗಿಲು ತೆರೆದ ಡಾಕ್ಟರು ನನ್ನನ್ನೊಬ್ಬಳನ್ನೇ ಕರೆದರು. ಬಲೂನು ಉಬ್ಬಿಸಿ ಆಯಿತು, ಆ ಜಾಗ ಬಿಚ್ಚಿಕೊಂಡಿದೆ ಎಂದರು. ತೊಡೆಯಲ್ಲಿ ಒಂದು ಸಣ್ಣ ಪಟ್ಟಿ ಹಾಕಿದ್ದರು.

"ಕಾಲು ಮುಟ್ಟಿ ನೋಡಮ್ಮ" ಎಂದರು.

ಮುಟ್ಟಿದೆ. ಬೆಚ್ಚಗಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಮಗಳ ಕಾಲು ಬೆಚ್ಚಗಿತ್ತು. ಬೆರಳ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನಾನು ಆ ಪಾದಕ್ಕೆ ಮುಖ ಒತ್ತಿ ಅತ್ತೆ. ಅಷ್ಟು ಸಂತೋಷ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೆ ಮಗ ಹುಟ್ಟಿದಾಗಲೂ ಆಗಲಿಲ್ಲ. ಡಾಕ್ಟರು ಹಿಂದೆ ನಿಂತಿದ್ದರು. ಸ್ವಲ್ಪ ಮೊದಲೇ ಕರಕೊಂಡು ಬಂದಿದ್ದರೆ ಎಂದು ಶುರು ಮಾಡಿ, ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು.

ಮಾರನೆಯ ದಿನ ಮಧ್ಯಾಹ್ನ ಅವಳು ಹೋದಳು. ನಾಳ ತೆರೆದಿತ್ತು, ರಕ್ತ ಕಾಲಿನವರೆಗೂ ಹರಿಯುತ್ತಿತ್ತು. ದೂಡುವುದಕ್ಕೆ ಹೃದಯದಲ್ಲಿ ಕಸುವು ಉಳಿದಿರಲಿಲ್ಲ. ಕೊನೆಯವರೆಗೂ ನಾನು ಪಾದ ಹಿಡಿದೇ ಕೂತಿದ್ದೆ. ಅಂಗೈ, ಅಂಗಾಲು ಎರಡೂ ಒಂದೇ ಸಮ ತಣ್ಣಗಾದವು. ಎಲ್ಲರಿಗೂ ಆಗುವ ಹಾಗೆ.

ಈಗ ತಂತಿ ಕೊಡುವುದಕ್ಕೆ ಯಾವ ಶಕುನದ ಅಡ್ಡಿಯೂ ಇರಲಿಲ್ಲ. ನನ್ನ ಗಂಡ ಹೋಗಿ ಜಗಳೂರಿಗೊಂದು, ನ್ಯಾಮತಿಗೊಂದು ಕೊಟ್ಟು ಬಂದರು. ಎರಡೂ ಮನೆಯಲ್ಲಿ ಓದುವ ಮೊದಲೇ ಅತ್ತಿರುತ್ತಾರೆ. ಅಪ್ಪ ಸಾಯುವವರೆಗೂ ನನ್ನ ಎದುರು ಕೂತು ಉಣ್ಣಲಿಲ್ಲ. ಭಾವ ಈಗಲೂ ನಾನು ಬಂದರೆ ಎದ್ದು ಒಳಗೆ ಹೋಗುತ್ತಾರೆ. ಹೋಗಲಿ. ಎರಡನೇ ಹೆರಿಗೆಗೆ ನಾನು ತವರಿಗೂ ಹೋಗಲಿಲ್ಲ, ನ್ಯಾಮತಿಯಲ್ಲೂ ಇರಲಿಲ್ಲ. ಬೇರೆಯಾಗಿ ಚನ್ನಗಿರಿಗೆ ಬಂದು, ಬಾಡಿಗೆ ಮನೆಯಲ್ಲಿ ನಾನೇ ನೀರು ಕಾಯಿಸಿಕೊಂಡು ಮಗನಿಗೆ ಎರೆದೆ.

ಆವತ್ತು ಬೆಂಗಳೂರಿನ ಆಸ್ಪತ್ರೆಯಿಂದ ಕೂಸನ್ನು ಊರಿಗೆ ತರಲು ಒಂದು ಕಾರು ಮಾಡಿಕೊಂಡಿದ್ದೆವು. ಅವಳು ನನ್ನ ತೊಡೆಯ ಮೇಲಿದ್ದಳು, ಚಿಕ್ಕಮ್ಮ ಹೆಣೆದ ಕೆಂಪು ಕಾಲುಚೀಲ ಹಾಕಿಕೊಂಡು. ಚಿತ್ರದುರ್ಗ ಬಂತು. ಅಲ್ಲಿಂದ ಒಂದು ದಾರಿ ಜಗಳೂರಿಗೆ, ಇನ್ನೊಂದು ದಾರಿ ಚನ್ನಗಿರಿ ಮೇಲೆ ಹಾಯ್ದು ನ್ಯಾಮತಿಗೆ. ಡ್ರೈವರು ಕಾರನ್ನು ಬದಿಗೆ ನಿಲ್ಲಿಸಿ, ಎಲ್ಲಿ ಮಣ್ಣು ಮಾಡುತ್ತೀರಿ ಸಾರ್, ಯಾವ ಕಡೆಗೆ ತಿರುಗಿಸಲಿ ಎಂದು ಕೇಳಿದ. ನನ್ನ ಗಂಡ ಈ ದಾರಿ ನೋಡಿದರು, ಆ ದಾರಿ ನೋಡಿದರು. ಕೇಳಲು ಅಣ್ಣ ಇರಲಿಲ್ಲ, ಮಾವ ಇರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು.

"ನಿನ್ನಿಷ್ಟ" ಎಂದರು.

ಆ ಕೂಸಿನ ವಿಷಯದಲ್ಲಿ ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಅವಳ ಕಾಲುಚೀಲ ಸರಿ ಮಾಡಿ, ಡ್ರೈವರಿಗೆ ಹೇಳಿದೆ.

"ನ್ಯಾಮ್ತಿಗೆ ನಡಿಯಪ್ಪ. ಬೀಗರ ಕೂಸು, ಬೀಗರಿಗೆ ಒಪ್ಪಿಸಬೇಕು."